ಪಟ್ಟಿಯೊಳಗಿನ ವಿಭೂತಿ

ಸೋಮವಾರ, ಬೆಳಗ್ಗೆ ಒಂಬತ್ತು ಗಂಟೆ. ನಂಜನಗೂಡಿನ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಹಾಜರಿದ್ದವರು ಮೂವರು: ಶನಿವಾರ ಮಂಡಿ ಬದಲಿಸುವ ಆಪರೇಷನ್ ಆಗಿದ್ದ ನನ್ನ ತಂಗಿ ಜಯ, ಟಿ. ನರಸೀಪುರದಿಂದ ಮೊದಲ ಬಸ್ಸಿಗೆ ಬಂದಿದ್ದ ಅವಳ ನಾದಿನಿ ಪುಟ್ಟತಾಯಮ್ಮ ಮತ್ತು ನಾನು. ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು ನಾನು. ನೌಕರಿಯಿಂದ ನಿವೃತ್ತಿಯಾಯಿತು, ಕಣ್ಣಿಗೆ ಇನ್ನೂ ಆಗಿಲ್ಲ.

ಜಯಳ ತೊಡೆಯಲ್ಲಿ ದಾರದಷ್ಟು ಸಣ್ಣ ಟ್ಯೂಬೊಂದಿತ್ತು. ಅದು ನರದ ಪಕ್ಕಕ್ಕೆ ನೋವಿನ ಔಷಧಿ ಹನಿಸುತ್ತಿದ್ದುದರಿಂದಲೇ ಅವಳು ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿದ್ದು. ಟ್ಯೂಬು ಒಳಹೋದ ಜಾಗಕ್ಕೆ ಗಾಜಿನಂತಹ ಅಂಟುಪಟ್ಟಿ. ಅದರೊಳಗೆ ಕ್ರಿಮಿ ಹೊಕ್ಕರೆ ಟ್ಯೂಬಿನ ಗುಂಟ ಒಳಗಿಳಿಯುತ್ತದೆ. ಕೆಳಗೇ ಹೊಸ ಮಂಡಿ.

ನಾನು ಬಿಸಿನೀರು ತರುವಷ್ಟರಲ್ಲಿ ಪುಟ್ಟತಾಯಮ್ಮ ಆ ಪಟ್ಟಿಯ ಅಂಚು ಎಬ್ಬಿಸಿ, ಒಳಗೆ ವಿಭೂತಿ ಹಚ್ಚಿಬಿಟ್ಟಿದ್ದಳು!

“ಏನೇ ತಾಯಿ ಮಾಡ್ಬುಟ್ಟೆ?”

“ದೇವಸ್ಥಾನದಿಂದ ಈಗ್ಲೇ ತಂದಿದ್ದು ಕಣಕ್ಕಾ. ಅಣೆಗಿಕ್ಕುದ್ರೆ ಕಾಲ್ನೋವು ಓಯ್ತದಾ? ನೋವಿರೋ ತಾವ್ಲೇ ಇಕ್ಬೇಕು.”

“ನೀನಾದ್ರೂ ಬೇಡ ಅನ್ನಬಾರ್ದಾ ಜಯಾ?”

“ದೇವ್ರ ವಿಭೂತೀನ ಹೆಂಗಕ್ಕಾ ಬೇಡ ಅನ್ನೋದು?”

ನೀವೇ ಹೇಳಿ, ಇಬ್ಬರಲ್ಲಿ ಯಾರ ಜೊತೆ ಜಗಳವಾಡಲಿ?

ಡಾಕ್ಟರು ಬಂದು ಬಗ್ಗಿ ನೋಡಿದರು. “ಪುಡಿ ಟ್ಯೂಬಿನ ಬುಡಕ್ಕೇ ಹೋಗಿದೆ ಸಿಸ್ಟರ್. ಒರೆಸಿ ಮತ್ತೆ ಮುಚ್ಚೋ ಧೈರ್ಯ ನನಗಿಲ್ಲ. ತೆಗೀತೀನಿ.”

“ನೋವು?” ಎಂದಳು ಜಯ.

“ಮಾತ್ರೆ, ಇಂಜೆಕ್ಷನ್ ಕೊಡ್ತೀವಮ್ಮ. ಇಷ್ಟು ಆರಾಮ ಇರಲ್ಲ.”

ಅವರು ಒರೆಸಲು ತೆಗೆದ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಪುಟ್ಟತಾಯಮ್ಮನನ್ನು ಮುಂದಿನ ಬಸ್ಸಿಗೇ ಹತ್ತಿಸುವ ಮಾತು ನನ್ನ ಬಾಯಲ್ಲಿ ತಯಾರಾಗಿತ್ತು. ಆದರೆ ಆ ವಾಸನೆ ನನ್ನನ್ನು ಅವಳ ಊರಿಗೇ, ನನ್ನ ಮೊದಲ ಕೆಲಸದ ದಿನಗಳಿಗೆ ಎಳೆದೊಯ್ದಿತು. ಅಲ್ಲಿನ ಆಸ್ಪತ್ರೆಯ ದೊಡ್ಡ ಸಿಸ್ಟರ್, ಸೂಜಿ ಚುಚ್ಚುವ ಜಾಗ ಒರೆಸಿದ ಮೇಲೆ ಅದು ತಾನಾಗಿಯೇ ಒಣಗುವವರೆಗೆ ನಮ್ಮನ್ನು ಕೈಕಟ್ಟಿ ನಿಲ್ಲಿಸುತ್ತಿದ್ದರು. ಒಂದು ದಿನ ಅವಸರಕ್ಕೆ ನಾನು ಮಾಸ್ಕ್ ಸರಿಸಿ, ಕಾಫಿ ಆರಿಸುವಂತೆ ಊದಿಬಿಟ್ಟೆ.

“ಚೆನ್ನಾಯ್ತು. ಬಾಯೊಳಗಿದ್ದುದನ್ನೆಲ್ಲ ಅಲ್ಲಿ ಬಿತ್ತಿದೆಯಲ್ಲ!” ಎಂದರು. ಹೊರಗಟ್ಟಲಿಲ್ಲ. ಮರುದಿನದಿಂದ, ಒಣಗುವ ಮುಂಚೆ ಯಾರೂ ಮುಟ್ಟದಂತೆ ಕಾಯುವ ಕೆಲಸವನ್ನು ನನಗೇ ವಹಿಸಿದರು. ವಾರದೊಳಗೆ ನಾನು ಡಾಕ್ಟರ ಕೈಯನ್ನೇ ತಡೆದಿದ್ದೆ.

ಟ್ಯೂಬು ಹೊರಬಂತು. ತುದಿ ಮುರಿಯದೆ ಪೂರ್ತಿ ಬಂದಿದೆಯೆಂದು ಡಾಕ್ಟರು ನೋಡಿ ಬರೆದುಕೊಂಡರು. ಮೂಲೆಯಲ್ಲಿ ಸೆರಗಿನಿಂದ ಕಣ್ಣೊರೆಸುತ್ತಿದ್ದ ಪುಟ್ಟತಾಯಮ್ಮನನ್ನು ನಲ್ಲಿಯ ಬಳಿಗೆ ಕರೆದೊಯ್ದೆ.

“ಸೋಪು ಹಾಕಿ ಬೆರಳಿನ ಸಂದೀನೂ ತೊಳಿ. ಈ ಕಾಲಿಗೆ ಇನ್ಮೇಲೆ ನೀನೇ ಕಾವಲು. ತೊಳೀದೆ ಇರೋ ಕೈ ಯಾರದೂ ಅದನ್ನ ಮುಟ್ಟಬಾರದು.”

ಮಧ್ಯಾಹ್ನ ಮದ್ದಿನ ಜೋಮು ಇಳಿದು ಜಯ ನರಳತೊಡಗಿದಳು. ಗಾಬರಿಯಿಂದ ಬ್ಯಾಂಡೇಜಿಗೆ ಕೈಚಾಚಿದೆ. ಯಾರೋ ಮಣಿಕಟ್ಟು ಹಿಡಿದರು.

“ಕೈ ತೊಳುದ್ರಾ ಅಕ್ಕಾ? ಪ್ಲಾಸ್ಕು ಮುಟ್ಟುದ್ರಿ, ಬಾಗ್ಲು ಮುಟ್ಟುದ್ರಿ. ನಾ ನೋಡ್ದೆ ಕಣಿ.”

ನರಳುತ್ತಲೇ ಜಯ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಎದ್ದು ಹೋಗಿ ಕೈ ತೊಳೆದೆ; ಒಣಗುವವರೆಗೂ ಊದದೆ ನಿಂತೆ.