ವ್ಲ್ತಾವಾ ದಡದ ಬಾಣಂತನ

ತುಪ್ಪ ಕಾಯಿಸಿ ಉಂಡೆಗೆ ಅಂಟು ಹುರಿಯುತ್ತಿದ್ದೆ. ಪ್ರಾಗ್‌ನಲ್ಲಿದ್ದ ತಂಗಿಗೆ ದಿನ ತುಂಬುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ಅವಳ ಚೊಚ್ಚಲ ಬಾಣಂತನ ಅಕ್ಕನಾದ ನನ್ನ ಪಾಲಿಗೆ ಬಂದಿತ್ತು. ಮುಂದಿನ ವಾರ ಹೊರಡುವವಳಿದ್ದೆ. ಆಗ ನಮ್ಮವರು ಹೆಡ್‌ಫೋನ್ ಕತ್ತಿಗಿಳಿಸಿಕೊಂಡು ರೂಮಿನಿಂದ ಬಂದರು.

“ಫ್ಲೈಟ್ ಕ್ಯಾನ್ಸಲ್ ಕಣೇ. ಅಲ್ಲಿಯವರು ಬಾರ್ಡರ್ ಮುಚ್ಚಿದಾರೆ.”

“ಬೇರೆ ದಾರಿ ಇಲ್ವಾ?”

“ಹೋದ್ರೂ ವಾಪಸ್ ಬರೋಕಾಗಲ್ಲ. ಇಲ್ಲಿಗೆ ಮರಳೋ ವೀಸಾ ಸ್ಟ್ಯಾಂಪ್ ಪ್ರಾಗ್‌ನಲ್ಲೇ ಹಾಕಿಸೋಣ ಅಂತಿದ್ವಲ್ಲ, ಈಗ ಎಲ್ಲಾ ಬಂದ್.”

ತುಪ್ಪ ಹೊಗೆಯಾಡಿತು. ಒಲೆ ಆರಿಸಿದೆ.

ಅದು 2020ರ ಮಾರ್ಚ್. ಅಮೆರಿಕದ ಮೀರಾ ಮೆಸಾದ ನಮ್ಮ ಮನೆಯಲ್ಲಿ ಒಂದು ರೂಮು ಇವರ ಮೀಟಿಂಗಿಗೆ, ಇನ್ನೊಂದು ಮಗಳ ಕ್ಲಾಸಿಗೆ ಹೋಯಿತು. ನನಗೆ ಉಳಿದದ್ದು ಅಡುಗೆಮನೆ, ಅದರ ಮೂಲೆಯ ದೇವರ ಗೂಡು. ಗಂಟೆ ಬಾರಿಸಿದರೆ ಮಗಳು, “ಅಮ್ಮಾ, ಐ ಆಮ್ ನಾಟ್ ಆನ್ ಮ್ಯೂಟ್!” ಎಂದು ಕೂಗುತ್ತಿದ್ದಳು. ಸದ್ದಿಲ್ಲದೆಯೇ ಮಂಗಳಾರತಿ ಎತ್ತುತ್ತಿದ್ದೆ. ಅಕ್ಕಿ ಬೇಳೆಗೆ ಕೊರತೆಯಿರಲಿಲ್ಲ, ಯಾರಿಗೂ ಜ್ವರವಿರಲಿಲ್ಲ. ಅಷ್ಟು ಕೊಟ್ಟವನಿಗೆ ಕೈ ಮುಗಿಯುತ್ತಲೇ ಕಣ್ಣು ಬಾಗಿಲಿನ ಚಿಲಕದ ಕಡೆ ಹೋಗುತ್ತಿತ್ತು.

ಒಂದು ದಿನ ತಂಗಿ ಫೋನಿನಲ್ಲಿ ಅಲ್ಲಿಯ ಹಳೆಯ ಕಲ್ಲಿನ ಸೇತುವೆ ತೋರಿಸಿದಳು.

“ನೋಡಕ್ಕಾ, ಯಾವಾಗ್ಲೂ ಮೆಜೆಸ್ಟಿಕ್ ಥರ ಇರತ್ತೆ, ಇವತ್ತು ನಾನೊಬ್ಬಳೇ. ಕಟ್ಟೋವಾಗ ಊರೂರಿಂದ ಮೊಟ್ಟೆ ತರಿಸಿ ಗಾರೆಗೆ ಕಲಸಿದ್ರಂತೆ. ಒಂದೂರಿನವರು ದಾರೀಲಿ ಒಡೆದು ಹೋಗತ್ತೆ ಅಂತ ಬೇಯಿಸಿ ಕಳಿಸಿದ್ರಂತೆ!”

“ನಿಮ್ಮ ಭಾವನಂಥ ಮ್ಯಾನೇಜರ್ ಯಾರೋ ಇದ್ದಿರಬೇಕು.”

ಸೇತುವೆಯುದ್ದಕ್ಕೂ ಸಂತರ ವಿಗ್ರಹಗಳು. ರಾಣಿಯ ಗುಟ್ಟನ್ನು ರಾಜನಿಗೆ ಹೇಳದ ಒಬ್ಬ ಪಾದ್ರಿಯನ್ನು ಅಲ್ಲಿಂದಲೇ ನದಿಗೆ ತಳ್ಳಿದರೆಂದು ಕಥೆ. ಅವನ ಪೀಠದ ಹಿತ್ತಾಳೆ ಫಲಕ ಮುಟ್ಟಿದವರು ಆ ಊರಿಗೆ ಮರಳಿ ಬರುತ್ತಾರಂತೆ. ಬಂದೇ ಇಲ್ಲದವರ ಪರವಾಗಿ ಮುಟ್ಟಿದರೆ ನಡೆಯುತ್ತದೆಯೋ ಇಲ್ಲವೋ, ನನ್ನ ಪರವಾಗಿಯೂ ಮುಟ್ಟಿಸಿದೆ.

ಏಪ್ರಿಲ್‌ನಲ್ಲಿ ಹೆಣ್ಣುಮಗು ಹುಟ್ಟಿತು. ಸುಖಪ್ರಸವ, ದೇವರು ದೊಡ್ಡವನು. ಆದರೆ ಹಾಲು ಸಾಲದೆ ಮಗು ಅಳುತ್ತಿತ್ತು, ತಂಗಿ ಸೊರಗಿದ್ದಳು. ನಾನು ಫೋನಿನಲ್ಲಿ ಮೆಣಸಿನ ಸಾರು ಹೇಳಿಕೊಡುತ್ತಿದ್ದೆ, ಅವಳ ಗಂಡ ಮೆಣಸು ಸೀಯಿಸುತ್ತಿದ್ದರು.

ಕೆಳಮನೆಯ ಅಜ್ಜಿಯೊಬ್ಬರು ದಿನಾ ಒಂದು ಪಾತ್ರೆಯನ್ನು ಬಾಗಿಲಲ್ಲಿಟ್ಟು, ಬೆಲ್ ಒತ್ತಿ ಇಳಿದು ಹೋಗುತ್ತಿದ್ದರು. ಹಿಂದೆ ಆ ಕಡೆಯೂ ಬಾಣಂತಿಯನ್ನು ಮನೆಯ ಮೂಲೆಯಲ್ಲಿ ಪರದೆ ಕಟ್ಟಿ ಆರು ವಾರ ಮಲಗಿಸುತ್ತಿದ್ದರಂತೆ. ನೆರೆಯ ಹೆಂಗಸರು ಆ ಮೂಲೆಗೆ ಊಟ ತರುವುದು ಪದ್ಧತಿ. ಅಜ್ಜಿ ತರುತ್ತಿದ್ದದ್ದು ಕೋಳಿಯ ತಿಳಿಸಾರು, ನಾವೋ ಮಾಂಸ ಮುಟ್ಟದವರು.

“ಅದನ್ನ ಏನ್ ಮಾಡ್ತಿದೀರಿ?” ಎಂದು ತಂಗಿಯ ಗಂಡನನ್ನು ಕೇಳಿದೆ.

“ಸಿಂಕಿಗೆ ಹಾಕಿ, ಪಾತ್ರೆ ತೊಳೆದು ಕೊಟ್ಟು, ವೆರಿ ಟೇಸ್ಟಿ ಅಂತೀನಿ ಅಕ್ಕ.”

“ಅಯ್ಯೋ ಮಹಾರಾಯರೇ, ಹಾಗಂದ್ರೆ ನಾಳೆ ಇನ್ನೂ ದೊಡ್ಡ ಪಾತ್ರೆ ತರ್ತಾರೆ.”

“ತಂದ್ರು.”

ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನಲು ನಮ್ಮ ಜನಕ್ಕೆ ಬಾಯಿ ಬರುವುದಿಲ್ಲ. “ಅನ್ನ ಚೆಲ್ಲೋದು ಅವರ ಲೆಕ್ಕದಲ್ಲೂ ಪಾಪಾನೇ. ಈಗಲೇ ಕೆಳಗೆ ಹೋಗಿ ನಿಜ ಹೇಳಿ,” ಎಂದೆ. ಹೇಳಿದರು. ಅಜ್ಜಿ ಬಾಗಿಲು ಹಾಕಿಕೊಂಡರಂತೆ. ಇದ್ದೊಂದು ಆಸರೆಯನ್ನೂ ತಪ್ಪಿಸಿದೆನಲ್ಲ ಎಂದು ನನಗೆ ಆ ದಿನ ಅನ್ನ ಇಳಿಯಲಿಲ್ಲ.

ಮರುದಿನ ಅಜ್ಜಿ ಮಾಸ್ಕ್ ಕಟ್ಟಿಕೊಂಡು, ಆಲೂಗಡ್ಡೆ ಚೀಲ ಹಿಡಿದು, ತಂಗಿಯ ಅಡುಗೆಮನೆಗೇ ಬಂದರು. ನಮ್ಮಿಬ್ಬರಿಗೂ ಬರುವ ಭಾಷೆ ಒಂದೂ ಇಲ್ಲ. ನಾನು ಫೋನಿಗೆ ಜೀರಿಗೆ ಡಬ್ಬಿ ತೋರಿಸಿದೆ. ಅವರು ಅಂಥದೇ ಕಾಳಿನ ಪೊಟ್ಟಣ ಎತ್ತಿ ತೋರಿಸಿ ತಲೆಯಾಡಿಸಿದರು. ಬೆಣ್ಣೆಯಲ್ಲಿ ಅದು ಸಿಡಿದ ಸದ್ದು ನನ್ನ ಅಡುಗೆಮನೆಯಲ್ಲೂ ಕೇಳಿಸಿತು. ಬರಬರುತ್ತಾ ಹಾಲು ಹೆಚ್ಚಿತು, ತಂಗಿಯ ಮುಖಕ್ಕೆ ಕಳೆ ಬಂತು.

ಬಾಣಂತನ ಮುಗಿದ ಮೇಲೆ ಗಂಗೆಪೂಜೆ ಮಾಡಬೇಕು. ಬಾವಿಯಿಲ್ಲದ ಊರು, ವ್ಲ್ತಾವಾ ನದಿಯೇ ಗಂಗೆ. ನನಗೆ ಬೆಳಗ್ಗೆ, ಅವರಿಗೆ ಸಂಜೆ. ಮಗು ಅಪ್ಪನ ತೋಳಿನಲ್ಲಿತ್ತು. ತಂಗಿ ಅರಿಸಿನ ಕುಂಕುಮ ಹಿಡಿದು ಮೆಟ್ಟಿಲಿಳಿಯುವಾಗ ಅಜ್ಜಿ ಅವಳ ಮೊಣಕೈ ಭದ್ರವಾಗಿ ಹಿಡಿದುಕೊಂಡರು. ನಾನು ನಿಲ್ಲಬೇಕಾದ ಜಾಗ ಅದು. ಫೋನನ್ನು ಇನ್ನೂ ಹತ್ತಿರ ಹಿಡಿದೆ.

“ಅಕ್ಕಾ, ಯಾವ ಕಡೆ ಮುಖ ಮಾಡ್ಲಿ?”

“ಸೂರ್ಯನ ಕಡೆ. ಅವರ ಕೈ ಮಾತ್ರ ಬಿಡಬೇಡ.”

ನೀರಿನ ಮೇಲೆ ಅರಿಸಿನ ಹರಡಿತು. ಅಷ್ಟರಲ್ಲಿ ಮಗಳು ಬಾಗಿಲಿನಿಂದ ತಲೆ ಹಾಕಿ, “ಅಮ್ಮಾ, ಬ್ರೇಕ್‌ಫಾಸ್ಟ್?” ಎಂದಳು. ಫೋನು ಕೆಳಗಿಟ್ಟು ಕಾವಲಿಗೆ ಎಣ್ಣೆ ಸವರಿದೆ.