ಮುಂಚೆಯೇ ಕೆತ್ತಿದ ಶಿಲುಬೆ

ಎರ್ಮಿಯೋನಿ ತೀರಿಕೊಂಡ ನಲವತ್ತನೆಯ ದಿನದ ಪ್ರಾರ್ಥನೆ ಮುಗಿದು, ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯನ್ನು ಊರವರಿಗೆಲ್ಲ ಹಂಚಿದ ಮೇಲೆ, ಅವಳ ಗಂಡ ಇಗ್ನಾತಿಸ್ ಉಟ್ಟ ಬಟ್ಟೆಯಲ್ಲಿಯೇ ಪೇಟೆಗೆ ಹೋಗಿ ಉಯಿಲು ಬರೆದನು. ಅವನು ಇನ್ನೂ ಅತ್ತಿರಲಿಲ್ಲ. ಹಾಗೆಂದು ಗಟ್ಟಿ ಮನಸ್ಸಿನವನೇನಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೆ ಚಿವುಟಿದ್ದು ಕಣ್ಣಿಗೆ ಕಾಣುತ್ತದೆಯೇ ಹೊರತು ನೋವು ತಿಳಿಯುವುದಿಲ್ಲವಲ್ಲ, ಅವನ ಪಾಲಿಗೆ ಎಲ್ಲವೂ ಹಾಗೆಯೇ ಆಗಿತ್ತು.

ಉಯಿಲಿನಲ್ಲಿ ಇದ್ದದ್ದು ಒಂದೇ ಮಾತು. ಗುಡ್ಡದ ಮೇಲಿನ ಆಲಿವ್ ಮರ ತನ್ನ ಕಾಲಾನಂತರ ಸಂತ ಮರೀನಾಳ ಮಠಕ್ಕೆ ಸೇರತಕ್ಕದ್ದು. ಮರ ಎರ್ಮಿಯೋನಿಗೆ ತವರಿನ ಬಳುವಳಿಯಾಗಿ ಬಂದದ್ದು. ಮರದ ಕೆಳಗಿನ ನೆಲ ಮಾತ್ರ ಅವಳ ತಂಗಿಯ ಮಗಳು ತಸೂಲಾಳದು. ಲೆಸ್ವೋಸ್ ದ್ವೀಪದಲ್ಲಿ ನೆಲವೊಬ್ಬರದು ಮರವೊಬ್ಬರದು ಆಗಿರುವುದು ಹೊಸತೇನಲ್ಲ.

ಹಾಸಿಗೆ ಹಿಡಿದಿದ್ದಾಗ ಎರ್ಮಿಯೋನಿಯೇ ಹಾಗೆಂದು ಹೇಳಿದ್ದಳು. "ನೀನಿರೋ ತನಕ ಆ ಮರ ನಿಂದು. ನಾನಿಲ್ಲ ಅಂತ ಒಣ ರೊಟ್ಟಿ ಕಡಿದುಕೊಂಡು ಕೂತಿರಬೇಡ, ಗೊತ್ತಾಯ್ತಾ? ನಿನ್ನ ನಂತರ ಮರೀನಾಗೆ. ಮಠದಲ್ಲಿ ದಿಕ್ಕಿಲ್ಲದ ಮುದುಕಿಯರಿಗೆ ಅಡುಗೆ ಮಾಡಿ ಬಡಿಸ್ತಾರೆ, ಅವರ ಬೇಳೆಗೆ ಎಣ್ಣೆಯಾದರೂ ಆಗುತ್ತೆ."

"ಆಯ್ತು," ಎಂದಿದ್ದನು ಅವನು.

"ಆಯ್ತು ಅಂತೀಯ, ಅರ್ಧ ಮರೀತೀಯ."

ಅವಳು ಹೇಳಿದಂತೆಯೇ ಆಯಿತು. ಮಠಕ್ಕೆ ಬಂದ ಮರದ ತೊಗಟೆಯಲ್ಲಿ ಮಠದವರು ಒಂದು ಶಿಲುಬೆ ಕೆತ್ತುತ್ತಾರೆ. ಆಮೇಲೆ, ಸಂತಳ ಸೊತ್ತು ತಿಂದರೆ ಮನೆಗೆ ಕೇಡೆಂದು, ಅದರ ಎಣ್ಣೆಯನ್ನು ಯಾವ ಮನೆಯವರೂ ಬಾಯಿಗೆ ಇಡುವುದಿಲ್ಲ. ಕೆಳಗೆ ಬಿದ್ದ ಕಾಯಿಯನ್ನೂ ಹೆಕ್ಕುವುದಿಲ್ಲ. ಇಗ್ನಾತಿಸನು ಪೇಟೆಯಿಂದ ನೆಟ್ಟಗೆ ಗುಡ್ಡ ಹತ್ತಿದನು. ಜೀವಮಾನವೆಲ್ಲ ಪೀಪಾಯಿ ಮಾಡಿದ ಕೈ ಅವನದು. ಉಳಿ ಹಿಡಿದು ಎಷ್ಟು ಚೆಂದದ ಶಿಲುಬೆ ಕೆತ್ತಿದನೆಂದರೆ, ಮಠದವರಿಂದಲೂ ಅಂಥದ್ದು ಆಗುತ್ತಿರಲಿಲ್ಲ. ತಾನು ಇನ್ನೂ ಬದುಕಿದ್ದೇನೆಂಬುದು ಆಗ ಅವನ ತಲೆಗೆ ಹೊಳೆಯಲೇ ಇಲ್ಲ.

ಕಾಯಿ ಮಾಗಿ ಕಪ್ಪಾದವು. ಕೊಯ್ಲಿಗೆ ನೆರವಾಗಲು ತಸೂಲಾ ಮರದಡಿ ಹಾಸುವ ಬಲೆ, ಕಾಯಿ ಉದುರಿಸುವ ಬಡಿಗೆ ಹೊತ್ತು ಬಂದವಳು ಮರದ ಮುಂದೆ ನಿಂತುಬಿಟ್ಟಳು.

"ದೊಡ್ಡಪ್ಪಾ, ಇದೇನು?"

"ಶಿಲುಬೆ."

"ಶಿಲುಬೆ ಅಂತ ನಂಗೂ ಕಾಣುತ್ತೆ. ಯಾರು ಕೆತ್ತಿದ್ದು?"

"ನಾನೇ."

"ನೀನು ಇನ್ನೂ ಸತ್ತಿಲ್ವಲ್ಲ."

ಅವನು ಸ್ವಲ್ಪ ಯೋಚಿಸಿದನು. "ಇಲ್ಲ ಅನ್ಸುತ್ತೆ."

"ಅಯ್ಯೋ ನಿನ್ನ. ದೊಡ್ಡಮ್ಮ ಇದ್ದಿದ್ರೆ ಇದೇ ಬಡಿಗೆಯಿಂದ ನಿನಗೆ ಕೊಡ್ತಿದ್ದಳು." ಅವಳು ಬಲೆಯನ್ನು ಮತ್ತೆ ಸುತ್ತಿದಳು. "ನಾನು ಇದನ್ನ ಮುಟ್ಟೋದಿಲ್ಲ. ಮನೇಲಿ ಮಕ್ಕಳಿದ್ದಾರೆ."

ಮಠದ ಲೆಕ್ಕಪತ್ರ ನೋಡುವ ಪ್ರೋದ್ರೊಮೋಸನನ್ನು ಇಗ್ನಾತಿಸ್ ಕಾಫಿ ಅಂಗಡಿಯಲ್ಲಿ ಹಿಡಿದು, ಹಾಗಾದರೆ ಕಾಯಿಯನ್ನು ಮಠದವರೇ ಬಡಿದುಕೊಳ್ಳಲಿ ಎಂದನು.

"ನಮ್ಮಿಂದಾಗಲ್ಲ ಮಾರಾಯ," ಎಂದನು ಪ್ರೋದ್ರೊಮೋಸ್. "ಕಾಲಾನಂತರ ಅಂತ ನೀನೇ ಬರೆದಿದೀಯ. ಮಠ ಈಗ ಕೈ ಹಾಕಿದರೆ ಕಳ್ಳತನ ಆಗುತ್ತೆ. ಈ ಚಳಿಗಾಲಕ್ಕೆ ಸಾಯೋ ಯೋಚನೆ ಏನಾದ್ರೂ ಇದೆಯಾ?"

"ಇದ್ರೆ ಬೇಗ ಮುಗಿಸ್ಕೊ, ಕಾಯಿ ಉದುರ್ತಿದೆ," ಎಂದು ಪಕ್ಕದ ಮೇಜಿನವರು ಯಾರೋ ಅಂದರು. ಎಲ್ಲರೂ ನಕ್ಕರು. ಇಗ್ನಾತಿಸನಿಗೆ ಸಿಟ್ಟು ಬರಲಿಲ್ಲ; ಮಾತು ನ್ಯಾಯವಾಗಿಯೇ ಇದೆಯೆನಿಸಿತು.

"ಬೇಡ ಅಂದ್ರೆ ಈಗಲೇ ದಾನ ಬರೆದುಕೊಡು, ನಾಳೆ ಬಂದು ಬಡೀತೀವಿ," ಎಂದು ಪ್ರೋದ್ರೊಮೋಸ್ ಸೇರಿಸಿದನು.

ಅದು ಸುಲಭದ ದಾರಿ. ಒಂದು ಸಹಿ ಹಾಕಿದರೆ ಸಾಕು, ಗುಡ್ಡ ಹತ್ತುವ ಕೆಲಸವೂ ತಪ್ಪುತ್ತಿತ್ತು. ಆದರೆ ಎರ್ಮಿಯೋನಿ ಹೇಳಿದ್ದರಲ್ಲಿ ಅರ್ಧ ಮಠದ ಮುದುಕಿಯರದು, ಇನ್ನರ್ಧ ತನ್ನದು. ತನ್ನ ಅರ್ಧ ತನಗೆ ಬೇಕೆಂದು ಅವನಿಗೇನೂ ಅನಿಸಿರಲಿಲ್ಲ. ಅವನಿಗೆ ಆಗ ಏನೂ ಬೇಕೆನಿಸುತ್ತಿರಲಿಲ್ಲ. ಆದರೂ ಅವಳು ಹೇಳಿದ ಮಾತು; ಅವನು ಸಹಿ ಹಾಕಲಿಲ್ಲ.

ಪಾದ್ರಿ ಯಾಕೋವೋಸರು ತಮ್ಮ ತೋಟದಲ್ಲಿ ಕೋಸಿಗೆ ಮಣ್ಣು ಏರಿಸುತ್ತಿದ್ದರು. ಇವನ ಮಾತನ್ನು ಪೂರ್ತಿ ಕೇಳಿಸಿಕೊಂಡು, "ತಿನ್ನು, ಪಾಪವೇನಿಲ್ಲ," ಎಂದರು.

"ಅದನ್ನ ಭಾನುವಾರ ಎಲ್ಲರ ಮುಂದೆ ಹೇಳ್ತೀರಾ, ಸ್ವಾಮಿ?"

ಪಾದ್ರಿ ಗಡ್ಡ ನೀವಿಕೊಂಡರು. "ಹೇಳಿದ್ರೆ ನಾಳೆಯಿಂದ ಮಠದ ಮರಗಳ ಕೆಳಗೆ ಊರೆಲ್ಲ ಬುಟ್ಟಿ ಹಿಡಿದು ನಿಲ್ಲುತ್ತೆ. ನಿಂಗೆ ಒಬ್ಬನಿಗೆ ಹೇಳಿದೀನಿ, ಸಾಕು."

ಇಗ್ನಾತಿಸ್ ಒಬ್ಬನೇ ಮರ ಬಡಿದನು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಮುಂದೆ ಹೋದರು. ಗಾಣದವನು ಅವನ ಚೀಲಗಳನ್ನು ಬಾಗಿಲ ಹೊರಗೇ ಇರಿಸಿ, "ಎಲ್ಲರದೂ ಮುಗಿದ ಮೇಲೆ ಹಾಕ್ತೀನಿ. ಬೇರೆಯವರ ಎಣ್ಣೆಗೆ ಒಂದು ತೊಟ್ಟು ಸೇರಿದ್ರೂ ನನ್ನ ಗಾಣಕ್ಕೆ ಮತ್ತೆ ಯಾರೂ ಬರಲ್ಲ," ಎಂದನು. ಕೊನೆಗೆ ಹಾಕಿಯೂ ಕೊಟ್ಟನು.

ಎಣ್ಣೆ ಮನೆಗೆ ಬಂದ ದಿನ ಅವನು ತಟ್ಟೆಯಲ್ಲಿ ರೊಟ್ಟಿಯಿಟ್ಟು ಮೇಲೆ ಎಣ್ಣೆ ಸುರಿದನು. ಹಸಿರಾಗಿತ್ತು. ಅಷ್ಟರಲ್ಲಿ ತಸೂಲಾ ಒಗೆದ ಬಟ್ಟೆಯ ಬುಟ್ಟಿಯೊಂದಿಗೆ ಒಳಗೆ ಬಂದಳು. ತಟ್ಟೆ ನೋಡಿದಳು, ಡಬ್ಬಿ ನೋಡಿದಳು. ಬೈಯುತ್ತಾಳೆಂದು ಅವನು ಕಾದನು. ಅವಳು ಬುಟ್ಟಿಯನ್ನು ಕುರ್ಚಿಯ ಮೇಲಿಟ್ಟು ಅವನೆದುರು ಕುಳಿತಳು.

"ತಿನ್ನು ಮತ್ತೆ."

ಅವನು ಒಂದು ತುತ್ತು ತಿಂದನು.

"ಹೇಗಿದೆ?"

"ಗೊತ್ತಾಗ್ತಿಲ್ಲ."

"ಉಪ್ಪು ಹಾಕ್ಕೊ," ಎಂದಳು ತಸೂಲಾ. ತಾನು ಎಣ್ಣೆ ಮುಟ್ಟಲಿಲ್ಲ, ಉಪ್ಪಿನ ಬಟ್ಟಲನ್ನು ಅವನತ್ತ ತಳ್ಳಿದಳು. ಅವನು ಉಪ್ಪು ಉದುರಿಸಿಕೊಂಡು ಇನ್ನೊಂದು ತುತ್ತು ತಿಂದನು. ಈಗಲೂ ಅಷ್ಟೇ, ರುಚಿಯೇನೂ ತಿಳಿಯಲಿಲ್ಲ. ತಟ್ಟೆ ಬರಿದಾಗುವ ತನಕ ಅವಳು ಎದ್ದು ಹೋಗಲಿಲ್ಲ. ಅವನೂ ಬಿಡಲಿಲ್ಲ, ಕೊನೆಯ ತುಂಡಿನಿಂದ ತಟ್ಟೆಯನ್ನು ಒರೆಸಿಕೊಂಡು ತಿಂದನು.