ಎರಡನೇ ಡಿಸ್ಕಿನ ನಿದ್ದೆ

ತಾನಾಗಿಯೇ ಎಚ್ಚರವಾದ ಬೆಳಗು ನನ್ನ ಜನ್ಮದಲ್ಲಿರಲಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಹೇಳುವಾಗ, ನಸುಕಿನಲ್ಲೇ ಕುದುರೆ ಏರಿದ ರಾಜರನ್ನು ಬಾಯ್ತುಂಬ ಹೊಗಳುತ್ತೇನೆ. ನನ್ನನ್ನು ಮಾತ್ರ ಯಾರಾದರೂ ಎಬ್ಬಿಸಬೇಕಿತ್ತು. ಮದುವೆಯ ತನಕ ಅವ್ವ ಎಬ್ಬಿಸಿದಳು. ಆಮೇಲೆ ಆ ಕೆಲಸ ಹೆಂಡತಿ ಸುಮಂಗಲಾಳ ಪಾಲಿಗೆ ಬಂತು. ಆಕೆ ಕೂಗಿ ಎಬ್ಬಿಸಿದವಳಲ್ಲ. ಕುಂದಗೋಳದ ಮಕ್ಕಳಿಗೆ ಸಂಗೀತ ಹೇಳಿಕೊಡುವವಳು. ಬೆಳಗಾದರೆ ತಂಬೂರಿ ಹಿಡಿದು ತೋಡಿ ರಾಗ ಶುರು ಮಾಡುವಳು, ನಾನು ಚಾದರದೊಳಗಿಂದ ಒಂದೊಂದೇ ಕಾಲು ಹೊರಗಿಡುವೆ.

ಹೋದ ವರ್ಷ ಆಕೆಯ ಗಂಟಲಿಗೆ ಆಪರೇಶನ್ ಆಯಿತು. ಜೀವಕ್ಕೇನೂ ಆಗಲಿಲ್ಲ, ದನಿ ಒಡೆಯಿತು. ಮಾತಾಡುತ್ತಾಳೆ, ಹಾಡುವುದಿಲ್ಲ. ತಂಬೂರಿ ಗವಸು ಹೊದ್ದು ಮೂಲೆ ಸೇರಿತು. ಸುಮಂಗಲಾ ಬೆಳಿಗ್ಗೆ ಎಚ್ಚರವಾದರೂ ಗೋಡೆ ನೋಡುತ್ತ ಮಲಗಿರುತ್ತಿದ್ದಳು. ನನ್ನನ್ನು ಮೊಬೈಲು ಎಬ್ಬಿಸತೊಡಗಿತು, ಎಬ್ಬಿಸುವುದೇನು, ಹೆದರಿಸುವುದು.

ಪುಣ್ಯಕ್ಕೆ ಆಕೆಯ ಹಳೆಯ ಹಾಡುಗಳೆಲ್ಲ ರೆಕಾರ್ಡಾಗಿ ನನ್ನ ಕಂಪ್ಯೂಟರಿನಲ್ಲಿದ್ದವು. ಅದನ್ನು ಜೋಡಿಸುವಾಗ ಭಾರಿ ಶಾಣ್ಯಾತನ ಮಾಡಿದ್ದೆ. ಬಾಜೂಬಾಜು ಎರಡು ಡಿಸ್ಕು. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲೂ ಹಾಗೆಯೇ ಬರೆಯುವ ಸಾಫ್ಟ್‌ವೇರು. ಒಂದು ಸತ್ತರೂ ಇನ್ನೊಂದು ಇರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಕೇಳದವರಿಗೂ ಹೇಳಿದ್ದೆ.

ಹೋದ ತಿಂಗಳು ಒಂದು ಭಾನುವಾರ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ, ಮೊದಲನೇ ಡಿಸ್ಕು ಕಣ್ಣು ಮುಚ್ಚಿತು. ಕಪ್ಪು ಪರದೆಯ ಮೇಲೆ ಮಿಣುಕುವ ಒಂದು ಗೆರೆ, ಅಷ್ಟೇ.

“ಯಾಕೋ ಬೂಟ್ ಆಗವಲ್ದು,” ಎಂದು ಗೊಣಗಿದೆ.

ಸುಮಂಗಲಾ ಒದ್ದೆ ಕೈಯಲ್ಲೇ ಓಡಿ ಬಂದಳು. “ನನ್ನ ಹಾಡು ಹೋದವೇನ್ರಿ?”

ಆಪರೇಶನ್ ಆದ ಮೇಲೆ ಅವನ್ನು ಒಮ್ಮೆಯೂ ಹಚ್ಚಿ ಎಂದವಳಲ್ಲ. ಆಕೆಯ ದನಿ ಇನ್ನೆಲ್ಲಿಯೂ ಇರಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ನಮ್ಮ ಕಂಪ್ಯೂಟರ್ ಟೀಚರ್ ಶಬಾನಾ ಬಂದರು. ತಮ್ಮ ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಒಳಗೆಲ್ಲ ಇಣುಕಿ ನೋಡಿದರು.

“ಹಾಡು ಎಲ್ಲಾ ಅದಾವ್ರಿ ಸರ್. ಎರಡನೇ ಡಿಸ್ಕ್ ಅಗದಿ ಗಟ್ಟಿ ಐತಿ. ಆದ್ರ ಎಬ್ಬಿಸೋ ನಾಕು ಸಾಲು ನೀವು ಮೊದಲನೇದ್ರಾಗಷ್ಟ ಹಾಕೀರಿ. ಇದಕ್ಕ ಎಲ್ಲಾ ಗೊತ್ತೈತ್ರಿ, ಏಳೂದೊಂದು ಗೊತ್ತಿಲ್ಲ.”

“ಇಂಥಾದ್ದೊಂದು ನಮ್ಮನ್ಯಾಗ ಮೊದಲ ಐತಿ ಬಿಡ್ರಿ,” ಎಂದು ಸುಮಂಗಲಾ ನನ್ನತ್ತ ನೋಡಿ ನಕ್ಕಳು. ಎಷ್ಟು ದಿನವಾಗಿತ್ತೋ ಆಕೆ ಹಾಗೆ ನಕ್ಕು.

ಕಂಪ್ಯೂಟರ್ ಏಳುವುದಕ್ಕೆ ಹೇಳುವ ಬೂಟ್ ಎಂಬ ಮಾತು, ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳಲು ಹೋದವನ ಕತೆಯಿಂದ ಬಂದದ್ದಂತೆ. ಆಗುವ ಮಾತೇ ಅದು? ಎರಡೂ ಡಿಸ್ಕನ್ನು ಒಂದಾಗಿ ಓದುವ ಸಾಫ್ಟ್‌ವೇರು ಆ ಡಿಸ್ಕುಗಳೊಳಗೇ ಮಲಗಿರುತ್ತದೆ. ಅದನ್ನು ಎಬ್ಬಿಸುವ ಸಾಲುಗಳು ಹೊರಗೆ, ಪ್ರತಿ ಡಿಸ್ಕಿನ ಹೊಸ್ತಿಲ ಮೇಲೆ ಇರಬೇಕು. ಒಳಗಿನದನ್ನೆಲ್ಲ ಜೋಡಿ ಮಾಡಿದ ಶಾಣ್ಯಾ ಹೊಸ್ತಿಲನ್ನೇ ಮರೆತಿದ್ದೆ.

ಶಬಾನಾ ಆ ಸಾಲುಗಳನ್ನು ಎರಡನೇ ಡಿಸ್ಕಿಗೂ ಬರೆದು ಪೆನ್ ಡ್ರೈವ್ ಕಿತ್ತರು. ಯಂತ್ರ ತಾನೇ ಎದ್ದಿತು. ಬೆಳಗಿನ ತೋಡಿಯನ್ನು ಸಂಜೆ ಕೇಳಿದೆವು, ಯಾರೂ ತಕರಾರು ತೆಗೆಯಲಿಲ್ಲ.

“ಚಲೋ ಹಾಡ್ತಿದ್ಲು ಆಕಿ,” ಎಂದು ಸುಮಂಗಲಾ ಎದ್ದು ಒಳಗೆ ಹೋದಳು.

ಆ ‘ಆಕಿ’ ನನ್ನನ್ನು ಬಿಡಲಿಲ್ಲ. ಇಷ್ಟು ವರ್ಷ ಕೇಳಿ ಕೇಳಿ ಆ ತೋಡಿಯ ಒಂದೊಂದು ತಿರುವೂ ನನ್ನೊಳಗಿದೆ. ಶುರು ಮಾಡುವುದನ್ನು ಮಾತ್ರ ಸದಾ ಆಕೆಗೇ ಬಿಟ್ಟಿದ್ದೆ.

ಮರುದಿನ ಮೊಬೈಲಿಗಿಂತ ಮೊದಲು ನನಗೆ ಎಚ್ಚರವಾಗಿತ್ತು. ತಂಬೂರಿಯ ಗವಸು ತೆಗೆದು ಹಾಡತೊಡಗಿದೆ. ರಿಷಭ ಸ್ವರಕ್ಕೆ ಬರುವಷ್ಟರಲ್ಲಿ ಎಡವಿದೆ. ಎರಡನೇ ಸಲ ಇನ್ನೂ ಜೋರಾಗಿ ಎಡವಿದೆ.

“ಅಯ್ಯ, ರಿಷಭದ ಕುತ್ತಿಗಿ ಹಿಚಕಬ್ಯಾಡ್ರಿ!” ಒಡಕು ದನಿ ಕೋಣೆಯಿಂದ ಬಂತು, ಹಿಂದೆಯೇ ಆಕೆ ಬಂದಳು. ನನ್ನ ಕೈಯಿಂದ ತಂಬೂರಿ ಕಸಿದು, ತಂತಿ ಸರಿಮಾಡಿ ಕೂತಳು. “ಹೂಂ, ಮತ್ತೊಮ್ಮೆ.”

ಈಗ ದಿನವೂ ಹೀಗೆಯೇ. ನಾನು ತಪ್ಪಿದಷ್ಟೂ ಆಕೆ ಬೇಗ ಎದ್ದು ಬರುತ್ತಾಳೆ. ಹೀಗಾಗಿ ಚೆನ್ನಾಗಿ ಹಾಡುವುದನ್ನು ಕಲಿಯಲು ನಾನು ಅವಸರ ಮಾಡುತ್ತಿಲ್ಲ.